ಒಂದನೇ ನಂಬರ್ ಟಾಪ್‌ಗೆ ಬಂತಾ?

ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಸಿಗ್ನಲ್ಲಿನಲ್ಲಿ ಅಪ್ಪನ ಪದ್ಮಿನಿ ಕಾರು ಮೂರನೇ ಸಲ ಕುದಿಯಿತು. ಎಂಜಿನ್ ಪೂರ್ತಿ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು, ಬೇರಿಂಗು ಹಾಕಿಸಿ ಇನ್ನೂ ತಿಂಗಳು ತುಂಬಿರಲಿಲ್ಲ. ಸಂಜೆ ಆರೂವರೆ ಹೊತ್ತು, ಆಫೀಸು ಬಿಟ್ಟ ಬಸ್ಸುಗಳು ಸಾಲಾಗಿ ನಿಂತಿದ್ದವು, ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಪಕ್ಕದ ಆಟೋದವರು ಇಳಿದು ಬಂದು ತಮ್ಮ ನೀರಿನ ಬಾಟಲಿಯನ್ನೇ ಕೊಟ್ಟರು. ‘ರೇಡಿಯೇಟರ್ ಹೋಗಿದೆ ಸಾರ್’ ಅಂದರು. ನೋಡಿದವರೆಲ್ಲ ಹೇಳುತ್ತಿದ್ದುದೂ ಅದನ್ನೇ. ಆದರೆ ರೇಡಿಯೇಟರನ್ನು ಆಗಲೇ ಎರಡು ಸಲ ತೊಳೆಸಿದ್ದೆ. ಥರ್ಮೋಸ್ಟ್ಯಾಟ್ ಹೊಸದು, ವಾಟರ್ ಪಂಪ್ ಹೊಸದು, ಫ್ಯಾನ್ ಬೆಲ್ಟೂ ಹೊಸದು.

ಕಾಡುಗೋಡಿ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿಯ ಹತ್ತಿರ ಗಾಡಿ ಎಳೆಸಿಕೊಂಡು ಹೋದೆ. ಅವರು ರೇಡಿಯೇಟರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಸ್ಟಾರ್ಟ್ ಮಾಡಿಸಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಕೈ ಹಿಡಿದು ನೋಡಿದರು. ಆಕ್ಸಿಲರೇಟರ್ ಒತ್ತಿಸಿ ಎಂಜಿನ್ ಏಳುವ ಸದ್ದು ಕೇಳಿದರು. ಆಮೇಲೆ, ‘ತೊಂದರೆ ನೀರಲ್ಲಿಲ್ಲ ಸಾರ್. ಕಿಡಿ ಲೇಟಾಗಿ ಬೀಳ್ತಾ ಇದೆ’ ಅಂದರು.

ಆ ಒಂದು ಮಾತಿನ ಹಿಂದೆ ಎಷ್ಟು ತಿಳಿವಳಿಕೆ ಇದೆ ಅನ್ನುವುದು ನನಗೆ ಅರ್ಥವಾಗಲು ಮೂರು ದಿನ ಬೇಕಾಯಿತು. ಹಳೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡಿರುವವರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಎಂಜಿನ್ ಕೆಲಸಕ್ಕೆ ಅವರು ದೊಡ್ಡ ದುಡ್ಡನ್ನೇ ಸುರಿಯುತ್ತಾರೆ. ಆ ದುಡ್ಡೆಲ್ಲ ಫಲ ಕೊಡುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ಕೊನೆಯಲ್ಲಿ ಬರುವ, ಅರ್ಧ ದಿನದ, ಹೆಚ್ಚಿನ ಖರ್ಚಿಲ್ಲದ ಕೆಲಸ: ಟೈಮಿಂಗ್ ಕೂರಿಸುವುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಿಡಿ ಬಿದ್ದ ತಕ್ಷಣ ಸಿಲಿಂಡರಿನೊಳಗಿನ ಪೆಟ್ರೋಲ್ ಹಬೆಯೆಲ್ಲ ಒಮ್ಮೆಗೇ ಸಿಡಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಾಗುವುದಿಲ್ಲ. ಪ್ಲಗ್ಗಿನ ಬಾಯಲ್ಲಿ ಹತ್ತಿದ ಬೆಂಕಿ ಒಣಹುಲ್ಲಿನ ಮೇಲೆ ಹರಿಯುವ ಹಾಗೆ ಅಂಚಿನತ್ತ ಹರಿಯಬೇಕು. ಅದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಸಾವಿರದ ಒಂದೆರಡು ಭಾಗ. ಬೆಂಕಿಯ ಒತ್ತಡ ಅದರ ತುದಿ ಮುಟ್ಟುವ ಹೊತ್ತಿಗೆ ಪಿಸ್ಟನ್ ಮೇಲಿನ ತುದಿಯನ್ನು ದಾಟಿ ಹನ್ನೆರಡು ಹದಿನೈದು ಡಿಗ್ರಿಯಷ್ಟು ಕೆಳಗೆ ಹೊರಟಿದ್ದರೆ ತಳ್ಳುವ ಬಲವೆಲ್ಲ ಕ್ರ್ಯಾಂಕಿಗೆ ಸಿಗುತ್ತದೆ. ಹಾಗಾಗಬೇಕಾದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಬೀಳಬೇಕು. ಇದಕ್ಕೇ ಅಡ್ವಾನ್ಸ್ ಅನ್ನುವುದು.

ಕಿಡಿ ತಡವಾದರೆ ಪಿಸ್ಟನ್ ಓಡಿಹೋಗುತ್ತಿರುತ್ತದೆ, ಬೆಂಕಿ ಹಿಂದಿನಿಂದ ಅಟ್ಟಿಸಿಕೊಂಡು ಹೋಗುತ್ತಿರುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುವಾಗಲೂ ಒಳಗೆ ಉರಿ ಆರಿರುವುದಿಲ್ಲ. ಚಕ್ರ ತಿರುಗಿಸಬೇಕಿದ್ದ ಶಾಖ ಸಿಲಿಂಡರ್ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ಹೋಗುತ್ತದೆ, ಅಲ್ಲಿಂದ ನೀರಿಗೆ. ಖಾಲಿ ಹೆದ್ದಾರಿಯಲ್ಲಿ ಎದುರುಗಾಳಿ ಅದನ್ನು ಹೇಗೋ ತಣಿಸಿಬಿಡುತ್ತದೆ. ವೈಟ್‌ಫೀಲ್ಡಿನ ಸಂಜೆಯ ಟ್ರಾಫಿಕ್ಕಿನಲ್ಲಿ ಎದುರುಗಾಳಿ ಎಲ್ಲಿಂದ ಬರಬೇಕು? ನಮ್ಮ ಪದ್ಮಿನಿ ಹೊಸಕೋಟೆ ರಸ್ತೆಯಲ್ಲಿ ಚೆನ್ನಾಗಿಯೇ ಓಡಿ ಸಿಗ್ನಲ್ಲಿಗೆ ಬಂದಾಗಲೆಲ್ಲ ಕುದಿಯುತ್ತಿದ್ದುದರ ಗುಟ್ಟು ಇದು. ಕಿಡಿ ಬೇಗ ಬಿದ್ದರೆ ಬೇರೆ ಅನಾಹುತ. ಮೇಲೇರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಬೆಂಕಿ ಬಡಿಯುತ್ತದೆ, ಏರಿನಲ್ಲಿ ಗಾಜಿನ ಗೋಲಿ ಅಲ್ಲಾಡಿಸಿದಂತೆ ಟಿಣ್‌ ಟಿಣ್‌ ಸದ್ದು ಕೇಳುತ್ತದೆ. ಮೆಕ್ಯಾನಿಕ್ಕುಗಳು ನಾಕಿಂಗ್ ಅನ್ನುವುದು ಅದನ್ನೇ. ಅದು ಮುಂದುವರಿದರೆ ಪಿಸ್ಟನ್ನಿಗೇ ತೂತು. ಅಂಬಾಸಿಡರನ್ನು ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುತ್ತಿದ್ದ ಕಾಲದ ಡ್ರೈವರುಗಳು ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯುತ್ತಿದ್ದರು. ಕಿಡಿ ಬೇಗ ಬಿದ್ದು ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮಿಷಕ್ಕೆ 900 ಸುತ್ತಿನ ಐಡ್ಲಿಂಗಿನಲ್ಲಿ ಸೆಕೆಂಡಿಗೆ 15 ಸುತ್ತು. ಸೆಕೆಂಡಿನ ಸಾವಿರದ ಎರಡು ಭಾಗದಲ್ಲಿ ಕ್ರ್ಯಾಂಕ್ ತಿರುಗುವುದು ಸುಮಾರು 11 ಡಿಗ್ರಿ. 3000 ಸುತ್ತಿಗೆ ಏರಿದರೆ ಅಷ್ಟೇ ಹೊತ್ತಿನಲ್ಲಿ 36 ಡಿಗ್ರಿ ತಿರುಗಿಬಿಟ್ಟಿರುತ್ತದೆ. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚೆ ಮುಂಚೆ ತರಬೇಕು. ಹಳೆಯ ಕಾರಿನಲ್ಲಿ ಈ ಕೆಲಸ ಮಾಡುವುದು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಹೊಟ್ಟೆಯೊಳಗಿನ ಎರಡು ಪುಟ್ಟ ತೂಕಗಳು ಮತ್ತು ಎರಡು ಸ್ಪ್ರಿಂಗುಗಳು. ವೇಗಕ್ಕೆ ತೂಕಗಳು ಹೊರಚಾಚುತ್ತವೆ, ಕಿಡಿ ಮುಂದೆ ಸರಿಯುತ್ತದೆ. ಇವತ್ತಿನ ಕಾರುಗಳಲ್ಲಿ ಸಾಮಾನ್ಯವಾಗಿ ಕ್ರ್ಯಾಂಕಿನ ತುದಿಗೆ 60 ಹಲ್ಲಿನ ಲೆಕ್ಕದ, ಎರಡು ಹಲ್ಲು ಕಿತ್ತ ಒಂದು ಚಕ್ರ ಇರುತ್ತದೆ. ಆ ಬೋಳು ಜಾಗ ಸೆನ್ಸರಿನ ಎದುರು ಹಾದಾಗ ಕಂಪ್ಯೂಟರಿಗೆ ಪಿಸ್ಟನ್ ಎಲ್ಲಿದೆ ಎಂದು ಗೊತ್ತಾಗುತ್ತದೆ, ಪ್ರತಿ ಕಿಡಿಗೂ ಹೊಸದಾಗಿ ಲೆಕ್ಕ ನಡೆಯುತ್ತದೆ. ಮರ್ಸಿಡಿಸ್-ಬೆಂಜ್‌ನ ಸಂಶೋಧನಾ ಕೇಂದ್ರ ಇರುವುದು ಇದೇ ವೈಟ್‌ಫೀಲ್ಡಿನಲ್ಲಿ. ವಾಹನದ ಸಾಫ್ಟ್‌ವೇರ್ ಬರೆಯುವ ಎಷ್ಟೋ ಹುಡುಗ ಹುಡುಗಿಯರು ನಮ್ಮ ಬೀದಿಯಲ್ಲೇ ಓಡಾಡುತ್ತಾರೆ. ಅವರು ಸಂಕೇತಗಳಲ್ಲಿ ಮಾಡುವ ಕೆಲಸವನ್ನು ಎರಡು ಕಬ್ಬಿಣದ ತುಂಡುಗಳು ದಶಕಗಟ್ಟಲೆ ಮಾಡಿಕೊಂಡು ಬಂದಿವೆ ಎಂದು ನೆನೆದಾಗಲೆಲ್ಲ ನನಗೆ ಆ ತುಂಡುಗಳ ಮೇಲೆ ಗೌರವ ಹೆಚ್ಚುತ್ತದೆ.

ಟೈಮಿಂಗ್ ಎಂಬ ಒಂದೇ ಹೆಸರಿನಲ್ಲಿ ಗ್ಯಾರೇಜಿನವರು ಎರಡು ಕೆಲಸಗಳನ್ನು ಹೇಳುತ್ತಾರೆ. ಒಂದು, ವಾಲ್ವುಗಳು ಯಾವಾಗ ತೆರೆದು ಯಾವಾಗ ಮುಚ್ಚಬೇಕು ಎಂಬುದು. ಅದು ಎಂಜಿನ್ ಕಟ್ಟುವಾಗಲೇ ಚೈನಿನಲ್ಲೋ ಬೆಲ್ಟಿನಲ್ಲೋ ತೀರ್ಮಾನವಾಗಿಬಿಡುತ್ತದೆ. ಇನ್ನೊಂದು, ಕಿಡಿ ಯಾವಾಗ ಬೀಳಬೇಕು ಎಂಬುದು. ಅದು ಡಿಸ್ಟ್ರಿಬ್ಯೂಟರಿನಲ್ಲಿ ಆಗುವ ಕೆಲಸ, ಆಮೇಲೂ ತಿದ್ದಬಹುದು. ಮೊದಲನೆಯದು ತಪ್ಪಿದ್ದರೆ ಎರಡನೆಯದನ್ನು ಎಷ್ಟು ತಿರುಗಿಸಿದರೂ ಗಾಡಿ ಸರಿಹೋಗುವುದಿಲ್ಲ.

ಪದ್ಮಿನಿಯ 1089 ಸಿಸಿ ಎಂಜಿನ್ನಿಗೂ ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೂ ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟ್ ಕೆಳಗೆ, ಬ್ಲಾಕಿನಲ್ಲೇ ಇದೆ, ಚೈನಿನಿಂದ ತಿರುಗುತ್ತದೆ. ಎರಡೂ ಸ್ಪ್ರಾಕೆಟ್ಟುಗಳ ಮೇಲೆ ಗುರುತುಗಳಿರುತ್ತವೆ. ಅಂಬಾಸಿಡರಿನಲ್ಲಿ ಎರಡು ಚುಕ್ಕಿಗಳು ಎದುರುಬದುರಾಗಿ ಒಂದನ್ನೊಂದು ನೋಡುವಂತೆ ಕೂರಿಸಬೇಕು. ಒಂದು ಹಲ್ಲು ತಪ್ಪಿದರೆ ಏನು ಮಹಾ ಎಂದುಕೊಳ್ಳಬೇಡಿ. ಕ್ರ್ಯಾಂಕಿನ ಸ್ಪ್ರಾಕೆಟ್ಟಿಗೆ 20 ಹಲ್ಲಿದ್ದರೆ ಒಂದು ಹಲ್ಲು ಅಂದರೆ 18 ಡಿಗ್ರಿ. ಎಂಜಿನ್ ಸ್ಟಾರ್ಟ್ ಆಗಲೂಬಹುದು, ಆದರೆ ಜೀವವಿಲ್ಲದ ಹಾಗೆ ಓಡುತ್ತದೆ. ಚೈನ್ ಹಾಕಿದ ಮೇಲೆ ಪ್ಲಗ್ಗುಗಳನ್ನು ತೆಗೆದು, ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿ ಗುರುತು ನೋಡಿದರೆ ಚೈನಿನ ಸಡಿಲು ಮೋಸ ಮಾಡುತ್ತದೆ. ಎರಡು ಸುತ್ತಿಗೆ ಸ್ಪ್ರಾಕೆಟ್ಟಿನ ಚುಕ್ಕಿಗಳು ಮತ್ತೆ ಎದುರಾಗಬೇಕು. ಚೈನಿನ ಕೊಂಡಿಗೆ ಬಣ್ಣ ಹಚ್ಚಿದ್ದರೆ ಆ ಬಣ್ಣ ಮಾತ್ರ ಎರಡೇ ಸುತ್ತಿಗೆ ಅದೇ ಜಾಗಕ್ಕೆ ಬರುವುದಿಲ್ಲ. ಅದನ್ನು ಕಂಡು ಗಾಬರಿಯಾಗಿ ಮತ್ತೆ ಬಿಚ್ಚಿದವರಿದ್ದಾರೆ. ತಿರುಗಿಸುವಾಗ ಎಲ್ಲಾದರೂ ಕಲ್ಲಿಗೆ ಬಡಿದಂತೆ ನಿಂತರೆ ಅಲ್ಲಿಗೆ ನಿಲ್ಲಿಸಬೇಕು. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು. ಕೈಗೆ ಸಿಕ್ಕ ಈ ಎಚ್ಚರಿಕೆ ಸೆಲ್ಫ್ ಮೋಟಾರಿಗೆ ಸಿಗುವುದಿಲ್ಲ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಕ್ಯಾಮ್ ಮೇಲಿದೆ, ಚೈನಿನ ಜಾಗದಲ್ಲಿ ಬೆಲ್ಟು. ಮೂರೇ ಸಿಲಿಂಡರು, ಕಿಡಿಯ ಸರದಿ 1-3-2. ಇಲ್ಲಿ ನೆನಪಿಡಬೇಕಾದ ಒಂದು ಸೂಕ್ಷ್ಮವಿದೆ. ಕಾದು ಬಾಗಿದ ಹೆಡ್ಡನ್ನು ಲೇತಿನವರು ಸವರಿ ಮಟ್ಟ ಮಾಡಿಕೊಟ್ಟಿರುತ್ತಾರೆ. ಸವರಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗುತ್ತದೆ, ಬೆಲ್ಟಿನ ಉದ್ದ ಮಾತ್ರ ಮೊದಲಿನಷ್ಟೇ. ಹಾಗಾಗಿ ಕ್ಯಾಮ್ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಗುರುತು ಕೂದಲೆಳೆಯಷ್ಟು ಪಕ್ಕಕ್ಕಿದೆ ಎಂದು ಬೆಲ್ಟನ್ನು ಒಂದು ಹಲ್ಲು ಹಾರಿಸಿದರೆ ಸಣ್ಣ ತಪ್ಪು ದೊಡ್ಡದಾಗುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಮಾಡಿದ ಜಾವಾ, ಯೆಜ್ಡಿ ಬೈಕುಗಳು ಟೂ ಸ್ಟ್ರೋಕ್. ಅವುಗಳಲ್ಲಿ ಪಿಸ್ಟನ್ ಮೇಲೆ ಬಂದಾಗಲೆಲ್ಲ ಕಿಡಿ ಬೀಳಬೇಕು, ಗೊಂದಲವೇ ಇಲ್ಲ. ಕಾರಿನ ಎಂಜಿನ್ ಫೋರ್ ಸ್ಟ್ರೋಕ್: ಹೀರು, ಅದುಮು, ಉರಿ, ಹೊರದೂಡು. ನಾಲ್ಕು ಹೆಜ್ಜೆಗೆ ಕ್ರ್ಯಾಂಕ್ ಎರಡು ಸುತ್ತು, ಕ್ಯಾಮೂ ಡಿಸ್ಟ್ರಿಬ್ಯೂಟರೂ ಒಂದೇ ಸುತ್ತು. ಅಂದರೆ ಪಿಸ್ಟನ್ ಎರಡು ಸಲ ಟಾಪ್‌ಗೆ ಬರುತ್ತದೆ. ಒಂದು ಸಲ ಕಾಂಪ್ರೆಶನ್ ಮುಗಿಸಿ, ಇನ್ನೊಂದು ಸಲ ಹೊಗೆ ಹೊರದೂಡಿ. ಪುಲ್ಲಿಯ ಮೇಲಿನ ಗುರುತು ಎರಡು ಸಲವೂ ಒಂದೇ ಥರ ಕಾಣಿಸುತ್ತದೆ. ಯಾವ ಟಾಪ್ ಎಂದು ಪುಲ್ಲಿ ಹೇಳುವುದಿಲ್ಲ.

ಹೇಳುವುದು ಹೆಬ್ಬೆರಳು. ಒಂದನೇ ಪ್ಲಗ್ ತೆಗೆದು, ತೂತಿನ ಮೇಲೆ ಬೆರಳಿಟ್ಟು, ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಿದರೆ ಕಾಂಪ್ರೆಶನ್ನಿನ ಹೆಜ್ಜೆಯಲ್ಲಿ ಗಾಳಿ ಬೆರಳನ್ನು ಎತ್ತಿ ಬಿಸಾಕುತ್ತದೆ. ನಮ್ಮ ಮೇಸ್ತ್ರಿಯ ಹತ್ತಿರ ಇನ್ನೊಂದು ಪರೀಕ್ಷೆಯೂ ಇತ್ತು. ಟ್ಯಾಪೆಟ್ ಕವರ್ ತೆಗೆಸಿ ಅವರು ನೋಡಿದ್ದು ಒಂದನೇ ಸಿಲಿಂಡರನ್ನಲ್ಲ, ನಾಲ್ಕನೆಯದನ್ನು. 1-3-4-2 ಸರದಿಯ ಎಂಜಿನ್ನಿನಲ್ಲಿ ಒಂದು ಮತ್ತು ನಾಲ್ಕು ಜೊತೆಯಾಗಿ ಏರಿ ಜೊತೆಯಾಗಿ ಇಳಿಯುತ್ತವೆ. ನಾಲ್ಕನೆಯದರ ಎಕ್ಸಾಸ್ಟ್ ವಾಲ್ವ್ ಮುಚ್ಚಿಕೊಳ್ಳುತ್ತಾ ಇನ್‌ಲೆಟ್ ವಾಲ್ವ್ ತೆರೆದುಕೊಳ್ಳುತ್ತಾ ಎರಡು ರಾಕರುಗಳೂ ತಕ್ಕಡಿಯ ಹಾಗೆ ತೂಗಿದರೆ, ಆ ಗಳಿಗೆಯಲ್ಲಿ ಒಂದನೆಯದು ಕಿಡಿಗೆ ಸಿದ್ಧವಾಗಿ ಕಾಂಪ್ರೆಶನ್ ಟಾಪ್‌ನಲ್ಲಿದೆ ಎಂದರ್ಥ. ‘ಒಂದನೇ ನಂಬರ್ ಟಾಪ್‌ಗೆ ಬಂತಾ?’ ಎಂದು ಅವರು ಕೇಳಿದಾಗ ಸ್ಪ್ಯಾನರ್ ಹಿಡಿದಿದ್ದ ಹುಡುಗ ‘ಬಂತಣ್ಣ, ನಾಲ್ಕನೇದು ತೂಗ್ತಿದೆ’ ಎಂದು ಉತ್ತರಿಸಿದ. ಅದು ಪೂರ್ತಿ ಸರಿಯಾದ ಉತ್ತರ ಎಂದು ನನಗೆ ಹೊಳೆದದ್ದು ಮಾರನೆಯ ದಿನ.

ಹೊಗೆಯ ಟಾಪ್‌ನಲ್ಲಿ ಡಿಸ್ಟ್ರಿಬ್ಯೂಟರ್ ಕೂರಿಸಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಕಾರ್ಬುರೇಟರಿನ ಬಾಯಿಂದ ಫಟ್ ಎಂದು ಸಿಡಿಯುತ್ತದೆ. ಇದಕ್ಕೆ ಹೆದರಿ ಎಂಜಿನ್ ಬಿಚ್ಚಬೇಕಿಲ್ಲ. ಡಿಸ್ಟ್ರಿಬ್ಯೂಟರನ್ನಾಗಲಿ, ಕ್ಯಾಪಿನ ನಾಲ್ಕು ವೈರುಗಳನ್ನಾಗಲಿ ಅರ್ಧ ಸುತ್ತು ಬದಲಿಸಿದರೆ ಆಯಿತು. ವೈರು ಹಾಕುವ ಮೊದಲು ಕ್ಯಾಪಿನ ಒಳಗಿನ ರೋಟರ್ ಯಾವ ದಿಕ್ಕಿಗೆ ತಿರುಗುತ್ತದೆ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಅಂಬಾಸಿಡರಿನಲ್ಲಿ ಅದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಅದೇ ದಿಕ್ಕಿನಲ್ಲಿ ಒಂದು, ಮೂರು, ನಾಲ್ಕು, ಎರಡು ಎಂದು ಜೋಡಿಸುತ್ತಾ ಹೋಗಬೇಕು.

ನಮ್ಮ ಗಾಡಿಯಲ್ಲಿ ಇವೆಲ್ಲ ಸರಿಯಾಗಿಯೇ ಇದ್ದವು. ಚೈನ್ ಸರಿ, ಟಾಪ್ ಸರಿ, ವೈರು ಸರಿ. ಹಿಂದೆ ಕೆಲಸ ಮಾಡಿದವರು ಪುಲ್ಲಿಯ ಗುರುತು ನೋಡಿಯೇ ಕಿಡಿ ಕೂರಿಸಿದ್ದರು. ಹಾಗಾದರೆ ತಪ್ಪೆಲ್ಲಿ? ತಪ್ಪು ಗುರುತಿನಲ್ಲೇ ಇತ್ತು. ಹಳೆಯ ಟೈಮಿಂಗ್ ಕವರ್ ಕೆಟ್ಟಿತ್ತೆಂದು ಗುಜರಿಯಿಂದ ಬೇರೊಂದು ತಂದು ಹಾಕಿದ್ದೆವು. ಅದರ ಮೇಲಿನ ಗುರುತಿನ ಜಾಗ ನಮ್ಮ ಪುಲ್ಲಿಗೆ ಹೊಂದುವಂಥದ್ದಲ್ಲ. ಇನ್ನು ಕೆಲವು ಎಂಜಿನ್ನುಗಳಲ್ಲಿ ಪುಲ್ಲಿಯೇ ಎರಡು ಬಳೆಗಳಾಗಿ, ನಡುವೆ ರಬ್ಬರ್ ಇರುತ್ತದೆ. ರಬ್ಬರ್ ಹಳತಾಗಿ ಹೊರಬಳೆ ಜಾರಿದರೆ ಗುರುತೂ ಅದರ ಜೊತೆ ಜಾರುತ್ತದೆ. ಹಳೆಯ ಎಂಜಿನ್ ಕಟ್ಟುವವರು ಮೊದಲು ಮಾಡಬೇಕಾದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನೀಗ ಹೇಳುವುದು ಇಷ್ಟೇ: ಗುರುತನ್ನು ನಂಬುವ ಮೊದಲು ನಿಜವಾದ ಟಾಪ್ ಎಲ್ಲಿದೆ ಎಂದು ನೀವೇ ಹುಡುಕಿ.

ಪ್ಲಗ್ಗಿನ ತೂತಿಗೆ ಸ್ಕ್ರೂಡ್ರೈವರ್ ಇಳಿಬಿಟ್ಟು ಅದು ಏರಿ ನಿಲ್ಲುವುದನ್ನು ನೋಡಿದರೆ ಸಾಲದು. ತುದಿಯಲ್ಲಿ ಪಿಸ್ಟನ್ ಅರೆಗಳಿಗೆ ನಿಂತೇಬಿಟ್ಟಿದೆ ಅನ್ನಿಸುತ್ತದೆ. ಕ್ರ್ಯಾಂಕ್ ಐದು ಡಿಗ್ರಿ ಆಚೀಚೆ ತಿರುಗಿದರೂ ಅದು ಇಳಿಯುವುದು ಕಾಲು ಮಿಲಿಮೀಟರಿಗಿಂತ ಕಡಿಮೆ. ಅಷ್ಟನ್ನು ಕಣ್ಣು ಹಿಡಿಯಲಾರದು. ಮೇಸ್ತ್ರಿ ಒಂದು ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ಒಂದು ಉದ್ದನೆಯ ಬೋಲ್ಟ್ ಕೂರಿಸಿ ಇಟ್ಟುಕೊಂಡಿದ್ದರು. ಪಿಸ್ಟನ್ ಕೆಳಗಿರುವಾಗ ಅದನ್ನು ಒಂದನೇ ಸಿಲಿಂಡರಿಗೆ ತಿರುಪಿ ಹಾಕಿದರು. ಈಗ ಪಿಸ್ಟನ್ ಟಾಪ್ ಮುಟ್ಟಲಾರದು, ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಹಗುರ ಕೈಯಲ್ಲಿ ಮುಂದಕ್ಕೆ ತಿರುಗಿಸಿ, ನಿಂತಾಗ ಕವರಿನ ಒಂದು ನೆಲೆಯಾದ ಬಿಂದುವಿಗೆ ಎದುರಾಗಿ ಪುಲ್ಲಿಯ ಮೇಲೆ ಸೀಮೆಸುಣ್ಣದ ಗೀಟು. ಹಿಂದಕ್ಕೆ ತಿರುಗಿಸಿ, ನಿಂತಾಗ ಇನ್ನೊಂದು ಗೀಟು. ಎರಡು ಗೀಟುಗಳ ನಟ್ಟನಡುವೆ ನಿಜವಾದ ಟಾಪ್. ಆಮೇಲೆ ಪುಲ್ಲಿಯ ಸುತ್ತ ದಾರ ಸುತ್ತಿ ಅಳೆದರು, ಹತ್ತಿರ ಹತ್ತಿರ 450 ಮಿಲಿಮೀಟರ್. 360ರಿಂದ ಭಾಗಿಸಿದರೆ ಡಿಗ್ರಿಗೆ ಒಂದೂಕಾಲು ಮಿಲಿಮೀಟರ್. ಹಳೆಯ ಗುರುತು ನಿಜವಾದ ಟಾಪಿನಿಂದ 11 ಮಿಲಿಮೀಟರ್ ದೂರದಲ್ಲಿತ್ತು. ಒಂದು ತಿಂಗಳಿನಿಂದ ನಮ್ಮ ಗಾಡಿಯ ಕಿಡಿ ಒಂಬತ್ತು ಡಿಗ್ರಿ ತಡವಾಗಿ ಬೀಳುತ್ತಿತ್ತು.

ಅದಾದ ಮೇಲೆ ಸಿ.ಬಿ. ಪಾಯಿಂಟ್, ಅಂದರೆ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಬ್ರೇಕರ್. ಕ್ರಮ ತಪ್ಪಬಾರದು, ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆದುಕೊಂಡು ಕಿಡಿ ಮುಂದೆ ಬರುತ್ತದೆ, ಕಡಿಮೆ ಮಾಡಿದರೆ ಹಿಂದೆ ಹೋಗುತ್ತದೆ. ಟೈಮಿಂಗ್ ಕೂರಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸವನ್ನು ನಾವೇ ಅಳಿಸಿದಂತೆ. ಅಂಬಾಸಿಡರಿನ ಲೂಕಾಸ್ ಡಿಸ್ಟ್ರಿಬ್ಯೂಟರಿಗೆ ಫೀಲರ್ ಗೇಜಿನಲ್ಲಿ 0.35ರಿಂದ 0.40 ಮಿಲಿಮೀಟರ್, ಬೇರೆ ಗಾಡಿಗೆ ಅದರದರ ಮ್ಯಾನುಯಲ್ಲೇ ಪ್ರಮಾಣ.

ಟೈಮಿಂಗ್ ಕೂರಿಸಲು ಬೇಕಾದದ್ದು ಎರಡು ವೈರಿನ ಒಂದು 12 ವೋಲ್ಟ್ ಬಲ್ಬ್. ಒಂದು ವೈರು ಡಿಸ್ಟ್ರಿಬ್ಯೂಟರಿನ ತೆಳು ವೈರಿನ ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ. ಎಂಜಿನ್ನನ್ನು ಓಡುವ ದಿಕ್ಕಿನಲ್ಲೇ ತಂದು, ಮ್ಯಾನುಯಲ್ ಹೇಳಿದಷ್ಟು ಡಿಗ್ರಿ ಟಾಪ್‌ಗಿಂತ ಮೊದಲೇ ನಿಲ್ಲಿಸಬೇಕು. ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ತೆರೆದರೆ ಉರಿಯುತ್ತದೆ. ಡಿಸ್ಟ್ರಿಬ್ಯೂಟರಿನ ಬಾಡಿಯನ್ನು ರೋಟರ್ ತಿರುಗುವ ದಿಕ್ಕಿಗೆ ಸರಿಸಿ ಬಲ್ಬ್ ಆರಿಸಿ, ಆಮೇಲೆ ಎದುರು ದಿಕ್ಕಿಗೆ ಒಂದೊಂದೇ ಕೂದಲೆಳೆ ತನ್ನಿ. ಬಲ್ಬ್ ಹತ್ತಿದ ಕ್ಷಣವೇ ಕಿಡಿಯ ಕ್ಷಣ. ಅಲ್ಲೇ ಬಿಗಿಯಿರಿ, ಬಿಗಿದ ಮೇಲೆ ಇನ್ನೊಮ್ಮೆ ಎಂಜಿನ್ ಎರಡು ಸುತ್ತು ತಿರುಗಿಸಿ ನೋಡಿ.

ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಈ ನಿಖರತೆ ಮೊದಲ ಸ್ಟಾರ್ಟಿಗೆ ಮುಂಚೆಯೇ ಬೇಕು. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿದ್ದರೆ ಎಂಜಿನ್ನನ್ನು ಹತ್ತಿದೊಡನೆ 2000 ಸುತ್ತಿನ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು. ಎರಡು ಲೋಹದ ಮೈಗಳು ಒಂದಕ್ಕೊಂದು ಹೊಂದಿಕೊಳ್ಳುವುದು ಆಗಲೇ. ಟೈಮಿಂಗ್ ಸಿಗದೆ ಅರ್ಧ ಗಂಟೆ ಸೆಲ್ಫ್ ಹೊಡೆಯುತ್ತಾ ಕೂತರೆ ಜೋಡಿಸುವಾಗ ಸವರಿದ ಎಣ್ಣೆಯೆಲ್ಲ ಒರೆಸಿಹೋಗಿ, ಹೊಸ ಕ್ಯಾಮ್ ಮೊದಲ ದಿನವೇ ಸವೆಯುತ್ತದೆ.

ಎಂಜಿನ್ ಓಡಲು ಶುರುವಾದ ಮೇಲೆ ಟೈಮಿಂಗ್ ಲೈಟ್. ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿ, ಒಂದನೇ ಪ್ಲಗ್ಗಿನ ವೈರಿಗೆ ಲೈಟಿನ ಕ್ಲಿಪ್ ಹಾಕಿದರೆ ಪ್ರತಿ ಕಿಡಿಗೂ ಬೆಳಕು ಮಿಂಚಿ, ಸುತ್ತುತ್ತಿರುವ ಪುಲ್ಲಿಯ ಗುರುತು ನಿಂತಂತೆ ಕಾಣುತ್ತದೆ. ಅದು ನಿಲ್ಲದೆ ಆಚೀಚೆ ಕುಣಿದರೆ ಡಿಸ್ಟ್ರಿಬ್ಯೂಟರಿನ ಬುಷ್ ಸವೆದಿದೆ. ವೇಗ ಏರಿಸಿದಾಗ ಗುರುತು ಅಡ್ವಾನ್ಸ್ ಕಡೆಗೆ ಸರಾಗವಾಗಿ ಜರುಗದಿದ್ದರೆ ಆ ಎರಡು ಪುಟ್ಟ ತೂಕಗಳು ತುಕ್ಕಿನಲ್ಲಿ ಸಿಕ್ಕಿಕೊಂಡಿವೆ. ವರ್ಷಗಟ್ಟಲೆ ನಿಂತಿದ್ದ ಗಾಡಿಯಲ್ಲಿ ಹೀಗಾಗುವುದು ಸಹಜ. ಬಿಚ್ಚಿ ತೊಳೆದು ಎರಡು ಹನಿ ಎಣ್ಣೆ ಬಿಟ್ಟರೆ ಜೀವ ಬರುತ್ತದೆ.

ಮ್ಯಾನುಯಲ್ಲಿನ ಅಂಕೆಯನ್ನೇ ಹಿಡಿದು ಕೂರಬೇಕೇ? ಅಲ್ಲಿಂದ ಶುರು ಮಾಡಬೇಕು, ಆಮೇಲೆ ಊರು ನೋಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಸಿಲಿಂಡರಿಗೆ ಹೋಗುವ ಗಾಳಿ ತೆಳುವಾದ್ದರಿಂದ ಇಲ್ಲಿ ಒಂದೆರಡು ಡಿಗ್ರಿ ಹೆಚ್ಚು ಅಡ್ವಾನ್ಸನ್ನು ಎಂಜಿನ್ ತಡೆದುಕೊಳ್ಳುತ್ತದೆ. ಅದೇ ಗಾಡಿ ಶಿರಾಡಿ ಘಾಟಿ ಇಳಿದು ಮಂಗಳೂರಿನ ಸೆಖೆಯಲ್ಲಿ ಏರು ಹತ್ತುವಾಗ ಟಿಣ್‌ ಟಿಣ್‌ ಅನ್ನಬಹುದು. ಪೆಟ್ರೋಲೂ ಬದಲಾಗಿದೆ. ಸೀಸ ಬೆರೆತ ಪೆಟ್ರೋಲ್ 2000ನೇ ಇಸವಿಯಲ್ಲಿ ದೇಶದಿಂದ ಹೋಯಿತು, ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತದ್ದು. ನಾಕಿಂಗ್ ತಡೆಯುವ ಗುಣ ಅದಕ್ಕೆ ಹಳೆಯ ಪೆಟ್ರೋಲಿಗಿಂತ ಹೆಚ್ಚೇ ಇದೆ. ಆದರೆ ಹಳೆಯ ಕಾರ್ಬುರೇಟರಿನ ಜೆಟ್ಟಿಗೆ ಆ ಮಿಶ್ರಣ ತೆಳುವಾಗುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಅದು ಕೆಡಿಸುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಡಿಗ್ರಿ ಸರಿಸಿ, ರಸ್ತೆಗೆ ಹೋಗಿ ಕಿವಿಗೊಡುವುದೇ ದಾರಿ.

ನಾವು ಕಿವಿಗೊಟ್ಟದ್ದು ಹಳೆಯ ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ಲಿನಲ್ಲಿ. 1882ರಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಹುಟ್ಟಿದ ಊರಿನ ಆ ದುಂಡು ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ ಇನ್ನೂ ಎಂಜಿನ್ ಸದ್ದು ಕೇಳಿಸಿಕೊಳ್ಳುವಷ್ಟು ಮೌನವಿದೆ. ಮೇಸ್ತ್ರಿ ಪಕ್ಕದಲ್ಲಿ ಕೂತು, ಕಿಟಕಿ ಇಳಿಸಿ, ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಿರುವಾಗ ಒಮ್ಮೆಲೇ ಆಕ್ಸಿಲರೇಟರ್ ಒತ್ತಲು ಹೇಳಿದರು. ಒಂದೆರಡು ಸಲ ಟಿಣ್ ಎಂದು ತಕ್ಷಣ ನಿಂತಿತು. ‘ಇಷ್ಟು ಇರಲಿ, ಇದಕ್ಕಿಂತ ಮುಂದೆ ಬೇಡ’ ಅಂದರು. ಅವತ್ತು ಸಂಜೆ ಬೇಕೆಂದೇ ಆರೂವರೆಗೆ ಹೋಪ್ ಫಾರ್ಮ್ ಸಿಗ್ನಲ್ಲಿಗೆ ಹೋಗಿ ನಿಂತೆ. ಮೂರು ಸಲ ಹಸಿರು ಬಂದು ಹೋದರೂ ನಮ್ಮ ಸಾಲು ಅಲುಗಲಿಲ್ಲ. ಟೆಂಪರೇಚರ್ ಮುಳ್ಳು ನಡುವಿಗೆ ಬಂದು ಅಲ್ಲೇ ಕೂತಿತ್ತು.

ಮಾರನೆಯ ದಿನ ಮೇಸ್ತ್ರಿ ಪುಲ್ಲಿಯ ಮೇಲೆ ನಿಜವಾದ ಟಾಪಿಗೆ ಅರದಿಂದ ಸಣ್ಣ ಕಚ್ಚು ಹಾಕಿ ಬಿಳಿ ಬಣ್ಣ ತುಂಬಿದರು. ಕವರಿನ ಸುಳ್ಳು ಗುರುತನ್ನು ಉಜ್ಜಿ ಅಳಿಸಿದರು, ಮುಂದೆ ಯಾರಾದರೂ ಅದನ್ನು ನೋಡಿ ಮೋಸಹೋಗಬಾರದೆಂದು. ದುಡ್ಡು ಎಣಿಸಿ ಕೊಡುತ್ತಿದ್ದಾಗ ಹೇಳಿದರು: ‘ಸಾವಿರ ಕಿಲೋಮೀಟರ್ ಆದ್ಮೇಲೆ ತಂದುಬಿಡಿ ಸಾರ್. ಹೊಸ ಪಾಯಿಂಟಿನ ಹೀಲ್ ಸ್ವಲ್ಪ ಸವೆದು ಗ್ಯಾಪ್ ಕಡಿಮೆಯಾಗಿರುತ್ತೆ, ಕಿಡಿ ಮತ್ತೆ ಒಂಚೂರು ಹಿಂದೆ ಹೋಗಿರುತ್ತೆ. ನೋಡಿಬಿಡೋಣ.’ ಮೀಟರಿನಲ್ಲಿ ಇವತ್ತಿಗೆ 940 ಆಗಿದೆ.